ಕಾಷ್ಮೋರನೂ ನಮ್ಮ ಮನೆಯ ಮಾತ್ರೆಯೂ

ಹೋದ ವರ್ಷ ಊರಿನ ಹಿರಿಯರೊಬ್ಬರ ಮನೆಯವರು ನಮ್ಮ ಶಾಲೆಯ ಗ್ರಂಥಾಲಯಕ್ಕೆ ಎರಡು ರಟ್ಟಿನ ಪೆಟ್ಟಿಗೆಗಳ ತುಂಬ ಪುಸ್ತಕ ಕೊಟ್ಟರು. ಪಟ್ಟಿ ಮಾಡುವ ಕೆಲಸ ಎಂದಿನಂತೆ ನನ್ನ ಪಾಲಿಗೆ ಬಂತು. ತ್ರಿವೇಣಿಯವರ ಕಾದಂಬರಿಗಳು, ಎನ್. ನರಸಿಂಹಯ್ಯನವರ ಪತ್ತೇದಾರಿ ಪುಸ್ತಕಗಳು, ಒಂದಷ್ಟು ಹಳೆಯ ಪಂಚಾಂಗ. ಇವುಗಳ ನಡುವೆ ಬೆನ್ನು ಕಿತ್ತುಹೋದ ‘ತುಳಸಿದಳ’. ಯಂಡಮೂರಿ ವೀರೇಂದ್ರನಾಥ್ ಅವರ ಕಾದಂಬರಿ. ಸಹೋದ್ಯೋಗಿಯೊಬ್ಬರು ಅದನ್ನು ನೋಡಿದವರೇ, “ಮೇಡಂ, ಇದನ್ನು ಮಾತ್ರ ಕಪಾಟಿಗೆ ಹಾಕಬೇಡಿ, ಮಕ್ಕಳು ಹೆದರಿಕೊಂಡಾವು” ಎಂದರು. ನಾನು ಏನೂ ಹೇಳದೆ ಪುಸ್ತಕವನ್ನು ನನ್ನ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ. ಆ ಪುಸ್ತಕದ ಜತೆ ನನಗೆ ನಲವತ್ತು ವರ್ಷದ ಹಳೆಯ ಲೆಕ್ಕವೊಂದು ಬಾಕಿಯಿತ್ತು.

ನಾನು ಹುಟ್ಟಿ ಬೆಳೆದದ್ದು ಚನ್ನಪಟ್ಟಣದಲ್ಲಿ. ಅಪ್ಪ ಲೇತ್ ಮುಂದೆ ಕೂತು ಹಾಲೆ ಮರದಲ್ಲಿ ಬೊಂಬೆ ಕಡೆಯುತ್ತಿದ್ದರು. ಮರ ತಿರುಗುತ್ತಿರುವಾಗಲೇ ಅರಗಿನ ಬಣ್ಣ ಒತ್ತಿದರೆ ಬಿಸಿಗೆ ಅದು ಕರಗಿ ಮರಕ್ಕೆ ಹತ್ತುವ ವಾಸನೆ ನಮ್ಮ ಮನೆಯ ವಾಸನೆಯಾಗಿತ್ತು. ಅವ್ವನಿಗೆ ಓದು ಬರಹ ಬಾರದು. ಆದರೆ ಕತೆಯ ಹುಚ್ಚು ವಿಪರೀತ. ಬಾಡಿಗೆ ಪುಸ್ತಕದ ಅಂಗಡಿಯಿಂದ ನಾನು ತಂದ ಕಾದಂಬರಿಯನ್ನು ರಾತ್ರಿ ಊಟವಾದ ಮೇಲೆ ಗಟ್ಟಿಯಾಗಿ ಓದಬೇಕು, ಅವ್ವ ನೆಲಗಡಲೆ ಬಿಡಿಸುತ್ತ ಕೇಳಬೇಕು. 1985ರಲ್ಲಿ ವೇಮಗಲ್ ಜಗನ್ನಾಥರಾವ್ ಅವರು ‘ತುಳಸಿದಳ’ವನ್ನು ಕನ್ನಡದಲ್ಲಿ ಸಿನಿಮಾ ಮಾಡಿದ ಮೇಲಂತೂ ಆ ಪುಸ್ತಕಕ್ಕೆ ಅಂಗಡಿಯಲ್ಲಿ ಸರದಿ ನಿಲ್ಲಬೇಕಾಯಿತು. ನನ್ನ ಸರದಿ ಬಂದಾಗ ನಾನು ಹತ್ತನೆಯ ತರಗತಿಯಲ್ಲಿದ್ದೆ.

ಯಂಡಮೂರಿಯವರನ್ನು ತೆಲುಗಿನ ಲೇಖಕರೆಂದು ಕನ್ನಡದ ಓದುಗರು ಯಾವತ್ತೂ ಹೊರಗಿಟ್ಟಿಲ್ಲ. 1948ರಲ್ಲಿ ಹುಟ್ಟಿದ ಅವರು ಲೆಕ್ಕ ಪರಿಶೋಧನೆ ಓದಿ, ಹಣಕಾಸು ಸಂಸ್ಥೆ, ಬ್ಯಾಂಕು ಎಂದು ಕೆಲಸ ಮಾಡಿದವರು. ನಾಟಕ ಬರೆದರು, ಕಾದಂಬರಿಗೆ ಬಂದರು, ಸಿನಿಮಾಕ್ಕೆ ಹೋದರು. ಚಿರಂಜೀವಿಯವರ ‘ಅಭಿಲಾಷ’ (1983), ‘ಚಾಲೆಂಜ್’ (1984), ‘ರಾಕ್ಷಸುಡು’ (1986) ಇವೆಲ್ಲ ಅವರ ಕಾದಂಬರಿಗಳಿಂದಲೇ ಹುಟ್ಟಿದವು. ಆಮೇಲೆ ‘ವಿಜಯಕ್ಕೆ ಐದು ಮೆಟ್ಟಿಲು’ ಥರದ ವ್ಯಕ್ತಿತ್ವ ವಿಕಸನದ ಪುಸ್ತಕಗಳ ಕಡೆ ತಿರುಗಿದರು. ವಂಶಿ, ಯತಿರಾಜ್ ವೀರಾಂಬುಧಿ ಮುಂತಾದ ಅನುವಾದಕರ ಕೈಯಲ್ಲಿ ಅವರು ಎಷ್ಟು ಸಲೀಸಾಗಿ ಕನ್ನಡ ಮಾತಾಡಿದರೆಂದರೆ, ನಮ್ಮ ಅವ್ವ ಕೊನೆಯವರೆಗೂ ಅವರನ್ನು ಕೋಲಾರದ ಕಡೆಯವರೆಂದೇ ತಿಳಿದಿದ್ದಳು.

‘ತುಳಸಿದಳ’ದ ಕತೆ ಬಹಳ ಜನಕ್ಕೆ ಗೊತ್ತಿರುವುದೇ. ಶ್ರೀಧರ್, ಶಾರದ ದಂಪತಿಗಳು; ಮಗಳು ತುಳಸಿ. ಮಗುವಿನ ಹೆಸರಿಗೆ ದೊಡ್ಡ ಮೊತ್ತವೊಂದು ಬರುತ್ತದೆ. ಆ ಹಣದ ಮೇಲೆ ಕಣ್ಣಿಟ್ಟವರು ಕಾದ್ರಾ ಎಂಬ ಮಾಂತ್ರಿಕನಿಂದ ಮಗುವಿನ ಮೇಲೆ ‘ಕಾಷ್ಮೋರ’ ಪ್ರಯೋಗ ಮಾಡಿಸುತ್ತಾರೆ. ದಿನ ಎಣಿಸಿ ಕೊಲ್ಲುವ ಪ್ರಯೋಗ ಅದು. ಮಗು ನವೆಯುತ್ತದೆ. ಡಾಕ್ಟರುಗಳು ಒಂದು ಹೇಳುತ್ತಾರೆ, ಮಂತ್ರ ಬಲ್ಲವರು ಇನ್ನೊಂದು. ಕೊನೆಗೆ ಒಂದು ಕಡೆ ವೈದ್ಯ ಮತ್ತು ಸಮ್ಮೋಹನ ವಿದ್ಯೆ, ಇನ್ನೊಂದು ಕಡೆ ಪ್ರತಿಮಂತ್ರ, ಎರಡೂ ಒಟ್ಟೊಟ್ಟಿಗೆ ನಡೆದು ಮಗು ಬದುಕುತ್ತದೆ. ಯಾವುದರಿಂದ ಬದುಕಿತು ಎಂಬುದನ್ನು ಲೇಖಕರು ನಮಗೇ ಬಿಟ್ಟುಬಿಡುತ್ತಾರೆ.

ಈಗ ಮತ್ತೆ ಓದುವಾಗ ನನಗೆ ಕಂಡದ್ದು, ಈ ಕಾದಂಬರಿಯ ಭಯ ಇರುವುದು ಕಾಷ್ಮೋರನಲ್ಲಿ ಅಲ್ಲ, ಲೆಕ್ಕದಲ್ಲಿ. ಇಷ್ಟು ದಿನ ಕಳೆಯಿತು, ಇನ್ನಿಷ್ಟು ದಿನ ಉಳಿಯಿತು ಎಂದು ಪುಟದಿಂದ ಪುಟಕ್ಕೆ ಗಡುವು ಬಿಗಿಯಾಗುತ್ತ ಹೋಗುತ್ತದೆ. ಲೆಕ್ಕ ಪರಿಶೋಧಕ ಮಾತ್ರ ಹೀಗೆ ಹೆದರಿಸಬಲ್ಲ ಎಂದು ನನಗೆ ನಗುವೂ ಬಂತು. ಅವರ ಪ್ರೇಮ ಕಾದಂಬರಿಯಲ್ಲೂ ಇದೇ ಹಂಚಿಕೆ. 1995ರಲ್ಲಿ ಸುನೀಲ್ ಕುಮಾರ್ ದೇಸಾಯಿಯವರು ಸಿನಿಮಾ ಮಾಡಿದ ‘ಬೆಳದಿಂಗಳ ಬಾಲೆ’ಯನ್ನು ನೆನೆಸಿಕೊಳ್ಳಿ. ಚದುರಂಗದ ಆಟಗಾರನಿಗೆ ಫೋನಿನಲ್ಲಿ ಕೇಳುವ ಒಂದು ದನಿ, ಕೊಡುವ ಒಗಟುಗಳು, ಓಡುತ್ತಿರುವ ಕಾಲ. ಅನಂತನಾಗ್ ಅವರ ಮುಖದಲ್ಲಿ ಆಗ ಕಾಣುವ ಚಡಪಡಿಕೆಗೂ ತುಳಸಿಯ ಅಪ್ಪನ ಚಡಪಡಿಕೆಗೂ ದೂರವೇನಿಲ್ಲ. ಕಾಣದಿರುವುದನ್ನು ಕಾಯಿಸುವುದು ಯಂಡಮೂರಿಯವರಿಗೆ ಚೆನ್ನಾಗಿ ಗೊತ್ತು. ಕಾಣದ್ದು ಹುಡುಗಿಯಾದರೆ ಪ್ರೇಮ, ದೆವ್ವವಾದರೆ ಭಯ.

ಅವರ ಎರಡನೆಯ ಬಲ ಮಾಹಿತಿ. ಸಮ್ಮೋಹನ ವಿದ್ಯೆ ಎಂದರೇನು, ರೋಗದ ಲಕ್ಷಣವೇನು, ಔಷಧ ಹೇಗೆ ಕೆಲಸ ಮಾಡುತ್ತದೆ ಎಂದು ನಡುನಡುವೆ ಮೇಷ್ಟರ ಹಾಗೆ ಹೇಳಿಕೊಡುತ್ತಾರೆ. ಸ್ಮಶಾನದ ವರ್ಣನೆಗೆ ಹೆದರದ ಓದುಗ ಕೂಡ ಈ ವೈದ್ಯಕೀಯ ಶಬ್ದಗಳನ್ನು ಕಂಡು, “ಓಹೋ, ಇಷ್ಟೆಲ್ಲ ಗೊತ್ತಿರುವವರು ಅದನ್ನೂ ತಿಳಿದೇ ಬರೆದಿರಬೇಕು” ಎಂದುಕೊಳ್ಳುತ್ತಾನೆ. ವಿಜ್ಞಾನದ ಮೇಲಿನ ನಂಬಿಕೆಯನ್ನು ಸಾಲ ಪಡೆದು ಮಾಟಕ್ಕೆ ಜಾಮೀನು ಕೊಟ್ಟ ಹಾಗೆ. ತೆಲುಗಿನ ಹೆಸರಾಂತ ಲೇಖಕಿ ರಂಗನಾಯಕಮ್ಮ ಇದು ತುಳಸಿಯ ಎಲೆಯಲ್ಲ, ಗಾಂಜಾದ ದಮ್ಮು ಎಂಬರ್ಥದ ಹೆಸರಿಟ್ಟು ಒಂದು ಖಂಡನೆಯ ಪುಸ್ತಕವನ್ನೇ ಬರೆದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಯಂಡಮೂರಿಯವರ ಪರವಾಗಿ ಒಂದು ಮಾತು ಹೇಳಬೇಕು. ವಿಲಿಯಂ ಪೀಟರ್ ಬ್ಲ್ಯಾಟಿ 1971ರಲ್ಲಿ ಬರೆದ ‘ದಿ ಎಕ್ಸಾರ್ಸಿಸ್ಟ್’ನಲ್ಲಿಯೂ ಹೆಣ್ಣು ಮಗುವಿನ ಮೈಮೇಲೆ ಭೂತ ಬರುತ್ತದೆ. ಅಲ್ಲಿ ಡಾಕ್ಟರುಗಳು ಸೋಲುತ್ತಾರೆ, ಪಾದ್ರಿಗಳೇ ಬರಬೇಕಾಗುತ್ತದೆ. ಯಂಡಮೂರಿಯವರು ಡಾಕ್ಟರನ್ನು ಸೋಲಿಸಲಿಲ್ಲ. ಭಯಾನಕ ಕಾದಂಬರಿಯ ಲೇಖಕನಿಗೆ ಅದು ಸಣ್ಣ ಸಂಯಮವಲ್ಲ.

ಹಾಗಾದರೆ ನನ್ನ ತಕರಾರು ಏನು? ಅದನ್ನು ಹೇಳಲು ನಮ್ಮ ಮನೆಯ ವಿಷಯಕ್ಕೆ ಬರಬೇಕು.

ನನ್ನ ತಮ್ಮನಿಗೆ ಎಂಟು ವರ್ಷವಾದಾಗಿನಿಂದ ಮೂರ್ಛೆ ಬರುತ್ತಿತ್ತು. ಬೆಂಗಳೂರಿನಲ್ಲಿ ತೋರಿಸಿದ ಡಾಕ್ಟರು ಮಾತ್ರೆ ಕೊಟ್ಟು, ವರ್ಷಗಟ್ಟಲೆ ನುಂಗಬೇಕು, ಒಂದು ದಿನವೂ ತಪ್ಪಿಸಬಾರದು ಎಂದಿದ್ದರು. ಮಾತ್ರೆ ಕೆಲಸ ಮಾಡುತ್ತಿತ್ತು. ಮೂರ್ಛೆ ಬರುವುದು ಬಹಳ ಕಡಿಮೆಯಾಗಿತ್ತು. ಅಷ್ಟರಲ್ಲಿ ನಾನು ‘ತುಳಸಿದಳ’ ತಂದು ಹನ್ನೆರಡು ರಾತ್ರಿ ಓದಿ ಮುಗಿಸಿದೆ. ಕೊನೆಯ ಪುಟ ಮುಗಿದಾಗ ಅವ್ವ ಕಡಲೆಕಾಯಿ ಬಿಡಿಸುವುದನ್ನು ನಿಲ್ಲಿಸಿ ಮಲಗಿದ್ದ ತಮ್ಮನನ್ನೇ ನೋಡುತ್ತಿದ್ದಳು. ಮಾರನೆಯ ದಿನ ಅಪ್ಪನ ಹತ್ತಿರ ಅವಳು ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ: “ಆ ಪುಸ್ತಕದಲ್ಲಿ ಇಬ್ರೂ ಸೇರ್ಕಂಡೇ ಅಲ್ವಾ ಮಗೀನ ಉಳ್ಸಿದ್ದು? ಮಾತ್ರೆ ಪಾಡಿಗೆ ಮಾತ್ರೆ ಇರ್ಲಿ. ಒಂದು ದಾರ ಕಟ್ಸಿದ್ರೆ ಏನು ಹೋಯ್ತದೆ?”

ನ್ಯಾಯವಾದ ಮಾತು ಎಂದೇ ನನಗೂ ಅನ್ನಿಸಿತು. ಕಾದಂಬರಿಯ ನ್ಯಾಯವೂ ಅದೇ ತಾನೆ? ಕನಕಪುರದ ಕಡೆಯ ಹಳ್ಳಿಯೊಂದರಲ್ಲಿದ್ದ ಮಂತ್ರವಾದಿಯ ಹತ್ತಿರ ಹೋದೆವು. ಜತೆಯಲ್ಲಿ ನಾನೂ ಇದ್ದೆ. ಅವನು ಕಾದ್ರಾನ ಹಾಗೆ ಇರಲಿಲ್ಲ. ಬಿಳಿ ಪಂಚೆ ಉಟ್ಟು, ಕುಡಿಯಲು ಮಜ್ಜಿಗೆ ಕೊಟ್ಟು, ತುಂಬ ಮೃದುವಾಗಿ ಮಾತಾಡಿದ. ದಾರ ಕಟ್ಟಿದ, ಬೂದಿ ಕೊಟ್ಟ. ಹೊರಡುವಾಗ, “ಇಂಗ್ಲಿಷ್ ಮಾತ್ರೆ ಕೊಡಬೇಡಿ. ಅದು ಹೊಟ್ಟೆಯಲ್ಲಿದ್ದರೆ ಇದು ಹಿಡಿಯುವುದಿಲ್ಲ” ಎಂದ.

ಮಾತ್ರೆ ನಿಂತಿತು. ನಾಲ್ಕು ದಿನ ಏನೂ ಆಗಲಿಲ್ಲ, ಅವ್ವ ಕಬ್ಬಾಳಮ್ಮನಿಗೆ ಹರಕೆ ಹೊತ್ತಳು. ಐದನೆಯ ದಿನ ಸಂಜೆ ಒಲೆಯ ಮುಂದೆ ಚಳಿ ಕಾಯಿಸುತ್ತ ಕೂತಿದ್ದ ತಮ್ಮ ಮೂರ್ಛೆ ಬಂದು ಮುಂದಕ್ಕೆ ಬಿದ್ದ. ಬಲಗೈ ಕೆಂಡದ ಮೇಲೆ. ನಾನು ಪಕ್ಕದ ಕೋಣೆಯಲ್ಲಿ ಓದುತ್ತಿದ್ದೆ, ಏನು ಓದುತ್ತಿದ್ದೆನೆಂದು ನೆನಪಿಲ್ಲ. ಮೂರ್ಛೆ ರೋಗದ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಮೊದಲಿಗಿಂತ ಜೋರಾಗಿ ಬರುತ್ತದೆ, ಪ್ರಾಣಕ್ಕೇ ಅಪಾಯವಾಗಬಹುದು ಎಂದು ಆಮೇಲೆ ಡಾಕ್ಟರು ಬಿಡಿಸಿ ಹೇಳಿದರು. ತಮ್ಮ ಬದುಕಿದ. ಬೆರಳುಗಳು ಮಾತ್ರ ಸೆಡೆತುಕೊಂಡವು. ಲೇತ್ ಹಿಡಿಯುವ ಕೈ ಅದಲ್ಲ ಎಂದು ಅಪ್ಪ ಯಾರಿಗೂ ಹೇಳದೆ ತಿಳಿದುಕೊಂಡರು. ಅವನು ಈಗ ಹೆದ್ದಾರಿಯ ಪಕ್ಕ ಬೊಂಬೆ ಮಾರುವ ಅಂಗಡಿ ಇಟ್ಟಿದ್ದಾನೆ. ಎಡಗೈಯಲ್ಲಿ ಲೆಕ್ಕ ಬರೆಯುತ್ತಾನೆ.

ನನ್ನ ತಕರಾರು ಇಲ್ಲಿದೆ. ‘ತುಳಸಿದಳ’ದಲ್ಲಿ ಡಾಕ್ಟರ ಬಾಗಿಲೂ ಮಂತ್ರದ ಬಾಗಿಲೂ ಒಟ್ಟಿಗೆ ತೆರೆದಿರುತ್ತವೆ, ಒಂದು ಇನ್ನೊಂದನ್ನು ಮುಚ್ಚು ಎನ್ನುವುದಿಲ್ಲ. ಕತೆಯ ಹದಕ್ಕೆ ಅದು ಬೇಕು. ಬಡವರ ಮನೆಯಲ್ಲಿ ಹಾಗೆ ನಡೆಯುವುದಿಲ್ಲ. ಅಲ್ಲಿ ದುಡ್ಡು ಒಂದೇ, ದಿನ ಒಂದೇ. ಒಂದು ಬಾಗಿಲಿಗೆ ಹೋದರೆ ಅಲ್ಲಿದ್ದವನು ಇನ್ನೊಂದನ್ನು ಮುಚ್ಚಿಸುತ್ತಾನೆ. ಗಡುವು, ಹಣ, ಆಸ್ತಿ ಎಲ್ಲವನ್ನೂ ಅಷ್ಟು ಕರಾರುವಾಕ್ಕಾಗಿ ಬರೆದ ಲೆಕ್ಕ ಪರಿಶೋಧಕರು ಈ ಒಂದು ಖರ್ಚನ್ನು ಬರೆಯಲು ಮರೆತರು. ಕಾದಂಬರಿಯ ದೋಷ ಮಾಟವನ್ನು ನಂಬಿಸಿದ್ದಲ್ಲ. ಎರಡನ್ನೂ ನಂಬಿದರೆ ನಷ್ಟವಿಲ್ಲ ಎಂದು ನಂಬಿಸಿದ್ದು.

ಪುಸ್ತಕದಿಂದಲೇ ಎಲ್ಲ ಕೆಟ್ಟಿತು ಎಂದರೆ ಸುಳ್ಳಾಗುತ್ತದೆ. ನಮ್ಮ ಕಡೆ ಭಯಕ್ಕೆ ಪುಸ್ತಕ ಬೇಕಿಲ್ಲ. 1990ರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ ರಾತ್ರಿ ಬಾಗಿಲು ಬಡಿಯುವ ಹೆಣ್ಣು ದೆವ್ವದ ಸುದ್ದಿ ಹಬ್ಬಿದಾಗ ಮಾಗಡಿಯ ಕಡೆ ನಾನು ಪಾಠ ಮಾಡುತ್ತಿದ್ದ ಊರಿನಲ್ಲಿ ಮನೆಮನೆಯ ಬಾಗಿಲ ಮೇಲೂ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದಿದ್ದರು. ಸೀಮೆಸುಣ್ಣ ನಮ್ಮ ಶಾಲೆಯದೇ! ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸುವ ಸಮಿತಿ ಮಾಡಿದ್ದರು. ವಾಮಾಚಾರದ ವಿರುದ್ಧ ನಮ್ಮ ರಾಜ್ಯದಲ್ಲಿ 2017ರಲ್ಲಿ ಕಾನೂನು ಅಂಗೀಕಾರವಾಗಿ 2020ರ ಜನವರಿಯಲ್ಲಿ ಜಾರಿಗೆ ಬಂತು. ನಡುವಿನ ನಲವತ್ತು ಚಿಲ್ಲರೆ ವರ್ಷಗಳಲ್ಲಿ ‘ಕಾಷ್ಮೋರ’ ಎಂಬ ಹೆಸರು ಮಾತ್ರ ತೆಲುಗಿನಿಂದ ಕನ್ನಡಕ್ಕೆ ಬಂದು, ತಮಿಳಿಗೂ ಹೋಗಿ, 2016ರಲ್ಲಿ ಅಲ್ಲೊಂದು ಸಿನಿಮಾದ ಹೆಸರಾಯಿತು.

ಇಷ್ಟಾಗಿ ಪುಸ್ತಕವನ್ನು ಮತ್ತೆ ಓದುವಾಗ ನಾನು ಎಲ್ಲಿ ನಿಂತೆ ಗೊತ್ತೆ? ಸ್ಮಶಾನದಲ್ಲಲ್ಲ. ಮಗುವಿನ ತಲೆಯ ಹತ್ತಿರ ಕೂತ ಶಾರದೆಯ ಬಳಿ. ಗಂಡ ತರ್ಕ ಹೇಳುತ್ತಾನೆ, ಅವಳಿಗೆ ತರ್ಕ ಬೇಡ, ಮಗು ಬೇಕು. ಹದಿನೈದು ವರ್ಷದವಳಾಗಿ ಓದುವಾಗ ಅವಳು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಅವ್ವನನ್ನು ನಾನು ಬಹಳ ವರ್ಷ ಒಳಗೊಳಗೇ ದೂರಿದ್ದೆ. ಬಿಎಡ್ ಮುಗಿಸಿ ಬಂದ ಹೊಸದರಲ್ಲಿ ಬಾಯಿಬಿಟ್ಟೂ ದೂರಿದೆ. ಅವಳು, “ನೀನೇ ಅಲ್ವಾ ಓದಿ ಹೇಳಿದ್ದು” ಎಂದಳೇ ಹೊರತು ಬೇರೇನೂ ಹೇಳಲಿಲ್ಲ. ಈಗ ಅವಳಿಲ್ಲ. ಶಾರದೆಯ ಪುಟಗಳನ್ನು ಓದುವಾಗ ಅವ್ವ ಅಂದು ತಮ್ಮನನ್ನು ನೋಡುತ್ತಿದ್ದ ಬಗೆ ನನಗೆ ಅರ್ಥವಾಯಿತು. ಅದನ್ನು ಅರ್ಥಮಾಡಿಸಿದ್ದೂ ಅದೇ ಯಂಡಮೂರಿಯವರೇ ಎಂಬುದನ್ನು ನಾನು ಒಪ್ಪಲೇಬೇಕು.

ಬೆನ್ನಿಗೆ ಖಾಕಿ ಕಾಗದ ಅಂಟಿಸಿ ಪುಸ್ತಕವನ್ನು ಶಾಲೆಗೆ ವಾಪಸು ತಂದೆ. ಪಟ್ಟಿಯಲ್ಲಿ ಅದರ ಹೆಸರು ಬರೆದು ಕಪಾಟಿಗೆ ಹಾಕಿದೆ. ಸಹೋದ್ಯೋಗಿ ಹುಬ್ಬೇರಿಸಿದರು. ಒಂದು ವಾರದಲ್ಲೇ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಅದನ್ನು ಹಿಡಿದುಕೊಂಡು ಬಂದಳು. “ಕೊಡುತ್ತೇನೆ. ಓದಿ ತಂದುಕೊಡುವ ದಿನ ನನ್ನ ಹತ್ತಿರ ಅರ್ಧ ಗಂಟೆ ಕೂತು ಹೋಗಬೇಕು. ನಿನಗೊಂದು ಕತೆ ಹೇಳುವುದಿದೆ” ಎಂದೆ. “ದೆವ್ವದ್ದಾ ಮಿಸ್?” ಎಂದು ಅವಳು ಕಣ್ಣರಳಿಸಿದಳು. ಅಲ್ಲ, ಒಂದು ಮಾತ್ರೆಯದು ಎಂದೆ.