ಹದಿನೈದರ ಹುಡುಗನಿಗೆ ಕನ್ನಡಿ ಯಾಕೆ?

ಹದಿಹರೆಯದವರಿಗೆ ಅವರದೇ ಬದುಕಿನ ಕತೆ ಕೊಡಿ, ಅದರಲ್ಲಿ ತಮ್ಮ ಮುಖ ತಾವು ನೋಡಿಕೊಳ್ಳಲಿ ಎನ್ನುವುದು ಈಗ ಎಲ್ಲರೂ ತಲೆದೂಗುವ ಮಾತು. ಅಮೆರಿಕದಲ್ಲಿ 2019ರಲ್ಲಿ ‘ಇಟ್ಸ್ ಎ ಹೋಲ್ ಸ್ಪೀಲ್’ ಎಂಬ ಸಂಕಲನ ಬಂತು. ಯಹೂದಿ ಹುಡುಗ ಹುಡುಗಿಯರೇ ಪಾತ್ರಗಳಾದ, ಹದಿಹರೆಯದ ಓದುಗರಿಗೆಂದೇ ಬರೆದ ಸಣ್ಣಕತೆಗಳ ಪುಸ್ತಕ ಅದು. ನಮ್ಮಲ್ಲೂ ಇಂಥದ್ದು ಬೇಕು, ಆತಗೂರಿನ ಹೈಸ್ಕೂಲು ಹುಡುಗನಿಗೆ ಮದ್ದೂರು ಸೀಮೆಯ ಕತೆಯೇ ಬೇಕು, ಯಹೂದಿಗಳ ಗೋಳು ಕಟ್ಟಿಕೊಂಡು ಅವನಿಗೇನಾಗಬೇಕು ಎಂದು ವಾದಿಸುವವರಿದ್ದಾರೆ. ನನಗೆ ಇದು ತಲೆಕೆಳಗಾದ ವಾದ ಅನ್ನಿಸುತ್ತದೆ.

ಅಮೆರಿಕದ ಆ ಮಕ್ಕಳ ತಳಮಳ ಏನು? ಹಬ್ಬ ಮಾಡದಿದ್ದರೆ, ಹೀಬ್ರೂ ಬಾರದಿದ್ದರೆ ನಾನು ಯಹೂದಿ ಹೌದೋ ಅಲ್ಲವೋ ಎಂಬುದು. ಅದು ಅವರು ತಮಗೆ ತಾವೇ ಹಾಕಿಕೊಳ್ಳುವ ಪ್ರಶ್ನೆ. ಮಂಡ್ಯ ಜಿಲ್ಲೆಯ ಹಳ್ಳಿಯಲ್ಲಿ ಈ ಪ್ರಶ್ನೆ ಹಾಕಿಕೊಳ್ಳಲು ಯಾರಿಗೂ ಪುರಸೊತ್ತೇ ಸಿಗುವುದಿಲ್ಲ. ಅರಳಿಕಟ್ಟೆ ದಾಟುವಷ್ಟರಲ್ಲಿ ಯಾರೋ ಹಿರೀಕರು ‘ಯಾರ್ ಮಗನ್ಲಾ ನೀನು?’ ಅಂದಿರುತ್ತಾರೆ. ಅಪ್ಪನ ಹೆಸರು ಹೇಳಿದರೆ ಸಾಕು, ಕೇರಿ, ಕುಲ, ಗದ್ದೆ ಎಷ್ಟು, ಸಾಲ ಎಷ್ಟು ಎಲ್ಲವೂ ಅವರಿಗೆ ಗೊತ್ತಾಗಿಬಿಡುತ್ತದೆ. ಇಲ್ಲಿನ ಹದಿನೈದರ ಹುಡುಗನಿಗೆ ಗುರುತಿನ ಕೊರತೆ ಇಲ್ಲ, ಇರುವುದೇ ಹೊರಲಾರದಷ್ಟು. ಅಂಥವನ ಕೈಗೆ ಮತ್ತೆ ಕನ್ನಡಿ ಕೊಡುವವರು ಅವನಿಗೆ ಮಾಡುವ ಉಪಕಾರವಾದರೂ ಏನು?

ಕನ್ನಡಿಯ ಪಕ್ಷದವರು ಇಲ್ಲಿ ಇದೇ ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿ ರಾಮಣ್ಣನವರನ್ನು ಮುಂದೆ ತಂದು ನಿಲ್ಲಿಸುತ್ತಾರೆ. ನಿಲ್ಲಿಸಲಿ, ಅವರು ದೊಡ್ಡ ಕತೆಗಾರರೇ. ಆದರೆ ಅವರ ‘ಗಾಂಧಿ’ ಕತೆ ನಾಟುವುದು ನಮ್ಮ ಕಡೆಯ ಮಾತು ಅದರಲ್ಲಿದೆ ಎಂಬ ಕಾರಣಕ್ಕಲ್ಲ. ಗಾಂಧಿ ಎಂಬ ಹೆಸರಿಟ್ಟುಕೊಂಡ ಬಡವರ ಹುಡುಗ ಸರ್ಕಾರಿ ಆಸ್ಪತ್ರೆಯ ಪಾಲಾಗುವ ಆ ಕತೆಯನ್ನು ಸ್ವತಃ ಡಾಕ್ಟರಾಗಿದ್ದವರು ಬರೆದರು. ಮದ್ದೂರಿನ ಹೆಸರೇ ಕೇಳದ ಬೀದರಿನ ಓದುಗನಿಗೂ ಅದು ಅಷ್ಟೇ ತಟ್ಟುತ್ತದೆ.

ದೇವನೂರ ಮಹಾದೇವರ ‘ಅಮಾಸ’ನ ವಿಷಯದಲ್ಲಂತೂ ಈ ಕನ್ನಡಿ ಓದು ನೇರವಾಗಿ ಕೆಡುಕೇ ಮಾಡುತ್ತದೆ. 1973ರ ‘ದ್ಯಾವನೂರು’ ಸಂಕಲನದ ಕತೆ. ಅಮಾವಾಸ್ಯೆಯಲ್ಲಿ ಹುಟ್ಟಿದ ತಬ್ಬಲಿ ಹುಡುಗ, ಮಾರಿಗುಡಿಯಲ್ಲಿ ಮುದುಕ ಕುರಿಯಯ್ಯನ ಜೊತೆ ಬೆಳೆಯುತ್ತಾನೆ. ಮೇಷ್ಟರು ಇದನ್ನು ‘ದಲಿತ ಹುಡುಗನ ಕತೆ’ ಎಂದು ಪೀಠಿಕೆ ಹಾಕಿ ಓದಿಸಿದರು ಅನ್ನಿ. ತರಗತಿಯ ಕಣ್ಣೆಲ್ಲ ಎಲ್ಲಿಗೆ ಹೊರಳುತ್ತದೆ? ಕಿಟಕಿ ಪಕ್ಕ ಕೂತ ಒಬ್ಬನ ಮೇಲೆ. ಅವನು ತಲೆ ಎತ್ತದೆ ಪುಸ್ತಕದ ಅಂಚನ್ನು ಉಗುರಿನಲ್ಲಿ ಕೆರೆಯುತ್ತಾನೆ. ಮಿಕ್ಕವರಿಗೆ ಕತೆ, ಅವನೊಬ್ಬನಿಗೆ ಹಾಜರಿ. ಆದರೆ ಕತೆಯೊಳಗೆ ಅಮಾಸ ಮಾಡುವುದೇ ಬೇರೆ. ಮಾರಿಹಬ್ಬದಲ್ಲಿ ಅವನು ಹುಲಿವೇಷ ಹಾಕಿ ಕುಣಿಯುತ್ತಾನೆ, ಊರು ಬೆರಗಾಗಿ ನೋಡುತ್ತದೆ. ಮೈಗೆ ಬಣ್ಣ ಬಿದ್ದ ಅಷ್ಟು ಹೊತ್ತು ಅವನು ಯಾರ ಮಗನೂ ಅಲ್ಲ. ಹುಡುಗನನ್ನು ಅವನ ಗುರುತಿನಿಂದಲೇ ಬಿಡಿಸಿಕೊಡುವ ಕತೆಯನ್ನು ಗುರುತಿನ ಚೀಟಿ ಮಾಡಿ ಹಂಚುತ್ತಿದ್ದೇವೆ.

ಹಾಗಾದರೆ ಯಹೂದಿ ಮಕ್ಕಳು? ಅತಿ ಹೆಸರಾದ ಯಹೂದಿ ಹುಡುಗಿಯನ್ನೇ ನೋಡಿ. ಆನ್ ಫ್ರಾಂಕ್ ದಿನಚರಿ ಬರೆದದ್ದು ಲೋಕಕ್ಕೆಲ್ಲ ಗೊತ್ತು. ಆಮ್‌ಸ್ಟರ್‌ಡ್ಯಾಮಿನ ಆ ಅಡಗುತಾಣದಲ್ಲಿ, 1942ರ ಜುಲೈಯಿಂದ 1944ರ ಆಗಸ್ಟಿನಲ್ಲಿ ಸಿಕ್ಕಿಬೀಳುವವರೆಗಿನ ಅವಧಿಯಲ್ಲಿ, ಅವಳು ಸಣ್ಣಕತೆಗಳನ್ನೂ ಬರೆದಳು ಎಂಬುದನ್ನು ನೆನೆಯುವವರು ಕಡಿಮೆ. ಯಹೂದಿ ಎಂಬ ಒಂದೇ ಕಾರಣಕ್ಕೆ ಬಚ್ಚಿಟ್ಟುಕೊಂಡವಳು ಕತೆ ಕಟ್ಟಲು ಕೂತಾಗ ಅವಳ ಮುಂದೆ ಬಂದವರು ಹೂ ಮಾರುವ ಹುಡುಗಿ, ಬುದ್ಧಿವಂತ ಕುಳ್ಳ, ಲೋಕ ನೋಡಬೇಕೆಂದು ಮನೆಬಿಟ್ಟ ಒಂದು ಕರಡಿಮರಿ. ಕತೆಗಳು ಅಂಥ ಹೇಳಿಕೊಳ್ಳುವಂಥವೇನಲ್ಲ. ದಿನಚರಿಯ ಗದ್ಯದ ಮುಂದೆ ಪೇಲವ. ಆದರೂ ಆ ಕರಡಿಮರಿ ಒಂದು ವಿಷಯ ಹೇಳುತ್ತದೆ: ಗುರುತೇ ಪ್ರಾಣಕ್ಕೆ ಬಂದಾಗ ಆ ವಯಸ್ಸಿನವರು ಕೇಳುವುದು ಹೊರಗಿನ ದಾರಿಯನ್ನು.

ಕನ್ನಡದಲ್ಲೇ ಬೇಕೆಂದರೆ ನೇಮಿಚಂದ್ರರ ‘ಯಾದ್ ವಶೇಮ್’ ಇದೆ, 2007ರ ಕಾದಂಬರಿ. ನಾಜಿಗಳ ಕೈಯಿಂದ ತಪ್ಪಿಸಿಕೊಂಡು ಅಪ್ಪನ ಜೊತೆ ಬೆಂಗಳೂರಿಗೆ ಬರುವ ಹ್ಯಾನಾ, ಅಪ್ಪನನ್ನೂ ಕಳೆದುಕೊಂಡು ಇಲ್ಲಿಯವರ ನಡುವೆ ಬೆಳೆಯುತ್ತಾಳೆ. ಬೇರು ಹುಡುಕಿಕೊಂಡು ಹೋದ ಹೆಣ್ಣಿನ ಕತೆ ಎಂದು ಎಲ್ಲರೂ ಇದನ್ನು ಹೊಗಳುತ್ತಾರೆ. ನನಗೆ ಆ ಹುಡುಕಾಟದ ಭಾಗಗಳು ಅಲ್ಲಲ್ಲಿ ಪ್ರವಾಸಕಥನದ ಹಾಗೆ ಉದ್ದವಾದವು. ಪುಸ್ತಕದ ಜೀವ ಇರುವುದು ಬೆಂಗಳೂರಿನ ಪುಟಗಳಲ್ಲಿ. ರಕ್ತಸಂಬಂಧ, ಭಾಷೆ, ದೇವರು ಯಾವುದೂ ಒಂದಲ್ಲದ ಹುಡುಗಿಯೊಬ್ಬಳು ಇಲ್ಲಿನ ಮನೆಮಗಳಾಗುವುದು ಹೇಗೆ ಎಂದು ತೋರಿಸುವ ಪುಟಗಳವು. ಮೂಲ ಮೊದಲು, ನೆಂಟು ಆಮೇಲೆ ಎಂದು ಕೇಳುತ್ತಾ ಬೆಳೆದವನಿಗೆ ಅಲ್ಲಿ ಮೊದಲ ಬಾರಿ ಬೇರೊಂದು ಲೆಕ್ಕ ಕಾಣುತ್ತದೆ. ಹ್ಯಾನಾಳ ಕುಲ ಯಾವುದೆಂದು ತಿಳಿದರೂ ಅದನ್ನು ತನ್ನೂರಿನ ಯಾವ ಕೇರಿಗೂ ತಾಳೆ ಹಾಕಲಾರ. ಹಾಗಾಗಿ ಗೌಡರ ಹುಡುಗನೂ ಕಾಲೊನಿಯ ಹುಡುಗನೂ ಒಂದೇ ಬೆಂಚಿನಲ್ಲಿ ಕೂತು ಅವಳಿಗಾಗಿ ಮರುಗಬಹುದು. ಊರಿನ ಕತೆಗೆ ಅಷ್ಟು ಸುಲಭವಾಗಿ ಸಿಗದ ಅನುಕೂಲ ಇದು.

ದೂರದವರ ನೋವಿಗೆ ಅಳುವುದು ಸಲೀಸು, ಪಕ್ಕದ ಕೇರಿಯ ನೋವಿಗೆ ಕಷ್ಟ ಎಂಬ ಆಕ್ಷೇಪ ಬರುತ್ತದೆ. ನಿಜವೇ. ಆದರೆ ಯಹೂದಿಗಳೇನು ಅಷ್ಟು ದೂರದವರೂ ಅಲ್ಲ. ಮದ್ದೂರಿನಿಂದ ಬೆಂಗಳೂರಿಗೆ ಹೋಗುವ ಬಸ್ಸು ಊರು ಹೊಗುವ ಮೈಸೂರು ರಸ್ತೆಯಲ್ಲೇ ಅವರ ಸ್ಮಶಾನವೂ ಇದೆ. ಇನ್ನು ಪಕ್ಕದ ಕೇರಿಯ ಮಾತು. ಹ್ಯಾನಾಳನ್ನು ಓದಿ ಮುಗಿಸಿದ ತರಗತಿಗೆ ಮರುವಾರ ‘ಅಮಾಸ’ ಓದಿಸಿ, ಪೀಠಿಕೆ ಹಾಕದೆ. ಕಿಟಕಿಯ ಕಡೆ ಎಷ್ಟು ಕಣ್ಣು ಹೊರಳುತ್ತವೆ, ಆಗ ಎಣಿಸೋಣ.