ನಲವತ್ತೈದಕ್ಕೆ ಒಂದು ವೋಟು

2023ರಲ್ಲಿ ಗ್ಯಾರಂಟಿ ಯೋಜನೆಗಳು ಬಂದಾಗಿನಿಂದ ಬೆಂಗಳೂರಿನ ಆಫೀಸು ಕ್ಯಾಂಟೀನುಗಳಲ್ಲಿ ಒಂದು ಮಾತು ಖಾಯಂ ಆಗಿದೆ: 'ಟ್ಯಾಕ್ಸ್ ಕಟ್ಟೋರು ನಾವು, ಅದನ್ನ ಹಂಚೋಕೆ ವೋಟ್ ಹಾಕೋರು ಅವರು.' ಇನ್ನೊಂದು ಕಾಫಿ ಬರುವ ಹೊತ್ತಿಗೆ ಮಾತು ಬೆಳೆದು, ಟ್ಯಾಕ್ಸ್ ಕಟ್ಟದವರಿಗೆ ವೋಟು ಯಾಕಿರಬೇಕು ಅನ್ನುವಲ್ಲಿಗೆ ಬಂದು ನಿಲ್ಲುತ್ತದೆ. (ಸೋಪು ಕೊಳ್ಳುವವರು, ಬೈಕಿಗೆ ಪೆಟ್ರೋಲ್ ಹಾಕಿಸುವವರು ಕಟ್ಟೋದೂ ತೆರಿಗೆಯೇ ಅನ್ನೋದು ಆಗ ಯಾರಿಗೂ ನೆನಪಾಗೋದಿಲ್ಲ.) ಇದನ್ನ ಹೊಟ್ಟೆಯುರಿ ಅಂತ ತಳ್ಳಿಹಾಕೋದು ಸುಲಭ. ಆದರೆ ಇದಕ್ಕೆ ಹತ್ತಿರದ ವಾದವನ್ನು ಬಹಳ ಓದಿಕೊಂಡ, ಬಹಳ ಯೋಚಿಸಿದ ಒಬ್ಬರು ಪುಸ್ತಕದಲ್ಲೇ ಬರೆದಿದ್ದಾರೆ. ಜಗಳ ಆಡೋದಾದರೆ ಅವರ ಜೊತೆ ಆಡಬೇಕು.

ಫ್ರೀಡ್ರಿಕ್ ಹಾಯೆಕ್. ವಿಯೆನ್ನಾದಲ್ಲಿ ಹುಟ್ಟಿದವರು, 1974ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡವರು. 1960ರ ಅವರ 'ದಿ ಕಾನ್‌ಸ್ಟಿಟ್ಯೂಷನ್ ಆಫ್ ಲಿಬರ್ಟಿ' ಲಿಬರ್ಟೇರಿಯನ್ನರು ಕಣ್ಣಿಗೊತ್ತಿಕೊಳ್ಳುವ ಪುಸ್ತಕ. ಆ ಹಣೆಪಟ್ಟಿ ತನಗೆ ಹಿಡಿಸುವುದಿಲ್ಲ ಅಂತ ಅವರೇ ಅದರ ಕೊನೆಯಲ್ಲಿ ಬರೆದುಕೊಂಡಿದ್ದಾರೆ, ಆ ಮಾತು ಬೇರೆ. ಅವರ ವಾದ ಇಷ್ಟು: ಯಾರು ಆಳಬೇಕು ಅನ್ನೋ ಪ್ರಶ್ನೆಗೆ ಪ್ರಜಾಪ್ರಭುತ್ವ ಉತ್ತರ ಕೊಡುತ್ತದೆ, ಎಷ್ಟು ಆಳಬೇಕು ಅನ್ನೋದು ಬೇರೆಯದೇ ಪ್ರಶ್ನೆ. ನೂರರಲ್ಲಿ ಐವತ್ತೊಂದು ಜನ ಕೈ ಎತ್ತಿದ ಮಾತ್ರಕ್ಕೆ ಉಳಿದ ನಲವತ್ತೊಂಬತ್ತು ಜನರ ಮನೆ, ಮಾತು, ದುಡಿಮೆ ಅವರ ಪಾಲಾಗುವುದಿಲ್ಲ. ಬಹುಮತಕ್ಕೂ ಒಂದು ಬೇಲಿ ಬೇಕು. ಇಲ್ಲಿಯವರೆಗೆ ನನಗೇನೂ ತಕರಾರಿಲ್ಲ. ಯಾವುದೋ ಒಂದು ಬಗೆಯಲ್ಲಿ ಅಲ್ಪಸಂಖ್ಯಾತರಾದ ಯಾರಿಗೂ ಇರಲಾರದು.

ತಕರಾರು ಇರೋದು ಬೇಲಿ ಕಾಯುವವರು ಯಾರು ಅನ್ನುವಲ್ಲಿ. ಸರ್ಕಾರಿ ನೌಕರರಿಗೆ, ಸರ್ಕಾರದ ನೆರವಿನಿಂದ ಬದುಕುವವರಿಗೆ ವೋಟು ಬೇಡ ಅಂತ ವಾದಿಸಿದರೆ ಅದರಲ್ಲಿ ಅರ್ಥವಿದೆ ಅಂತ ಅದೇ ಪುಸ್ತಕದಲ್ಲಿ ಹಾಯೆಕ್ ಹೇಳುತ್ತಾರೆ. 1979ರ ಹೊತ್ತಿಗೆ ಇನ್ನೊಂದು ನಕ್ಷೆ ಸಿದ್ಧವಾಗಿತ್ತು. ದಿನದ ಆಡಳಿತ ನೋಡಿಕೊಳ್ಳೋಕೆ ಮಾಮೂಲಿನಂಥ ಒಂದು ಸಭೆ. ಮೂಲ ಕಾನೂನು ಮಾಡೋಕೆ ಮಾತ್ರ ಬೇರೆಯೇ ಸಭೆ. ಅದಕ್ಕೆ ನೀವು ವೋಟು ಹಾಕುವುದು ಜೀವಮಾನದಲ್ಲಿ ಒಂದೇ ಸಲ, ನಿಮಗೆ ನಲವತ್ತೈದು ತುಂಬುವ ವರ್ಷ, ಅದೂ ನಿಮ್ಮದೇ ವಯಸ್ಸಿನವರಿಗೆ. ಗೆದ್ದವರು ಹದಿನೈದು ವರ್ಷ ಅಲ್ಲಾಡೋ ಹಾಗಿಲ್ಲ. ಇಪ್ಪತ್ತೆಂಟರ ಹರೆಯದಲ್ಲಿ ಹಾಯೆಕ್ ಓದಿ ಪುಳಕಗೊಂಡವರು ಇನ್ನೂ ಹದಿನೇಳು ವರ್ಷ ಕಾಯಬೇಕು!

ನಕ್ಷೆ ನೋಡಿ ನಗಬಹುದು. ಚಿಲಿಯ ಕಥೆಗೆ ನಗು ಬರೋದಿಲ್ಲ. 1973ರಲ್ಲಿ ಚುನಾಯಿತ ಸರ್ಕಾರವನ್ನು ಉರುಳಿಸಿ ಬಂದ ಪಿನೊಶೆಯನ್ನು ಹಾಯೆಕ್ 1977ರಲ್ಲಿ ಖುದ್ದಾಗಿ ಭೇಟಿಯಾದರು. 1981ರಲ್ಲಿ ಅಲ್ಲಿನ 'ಎಲ್ ಮೆರ್ಕ್ಯೂರಿಯೊ' ಪತ್ರಿಕೆಗೆ ಸಂದರ್ಶನ ಕೊಟ್ಟು, ಉದಾರವಾದವಿಲ್ಲದ ಪ್ರಜಾಪ್ರಭುತ್ವಕ್ಕಿಂತ ಉದಾರವಾದಿ ಸರ್ವಾಧಿಕಾರಿಯೇ ತನಗೆ ವಾಸಿ ಎಂಬ ಅರ್ಥದ ಮಾತಾಡಿದರು. ತಾತ್ಕಾಲಿಕವಾಗಿ ಅಂತ ಸೇರಿಸಿದ್ದೂ ಹೌದು. ಆ ತಾತ್ಕಾಲಿಕದಲ್ಲಿ ಸಾವಿರಾರು ಜನ ಸತ್ತರು, ಕಾಣೆಯಾದರು. ಪಿನೊಶೆಯನ್ನು ಇಳಿಸಿದ್ದು ಯಾವ ಬೇಲಿಯೂ ಅಲ್ಲ. 1988ರ ಅಕ್ಟೋಬರ್ 5ರಂದು ನಡೆದ ಜನಮತಗಣನೆಯಲ್ಲಿ ಸುಮಾರು ಶೇ 56 ಜನ 'ಬೇಡ' ಅಂದರು. ಹಾಯೆಕ್ ಅನುಮಾನದಿಂದ ನೋಡುತ್ತಿದ್ದ ಅದೇ ಬಹುಮತ. ತಮಾಷೆ ಏನೆಂದರೆ, ರಕ್ತ ಹರಿಯದೆ ಆಳುವವರನ್ನು ಬದಲಾಯಿಸೋಕೆ ಮನುಷ್ಯರು ಕಂಡುಕೊಂಡಿರುವ ದಾರಿ ಪ್ರಜಾಪ್ರಭುತ್ವ ಒಂದೇ ಅಂತ 1960ರಲ್ಲಿ ಬರೆದವರೂ ಇವರೇ. ತಮ್ಮದೇ ಪುಸ್ತಕದ ಒಳ್ಳೆಯ ಪುಟವನ್ನು ಅವರು ಮರೆತರು.

ನಮ್ಮಲ್ಲೂ ಲೆಕ್ಕ ಹೀಗೇ ಇದೆ. ವಾಕ್ ಸ್ವಾತಂತ್ರ್ಯಕ್ಕೆ, ಆಸ್ತಿ ಹಕ್ಕಿಗೆ ಮೊದಲ ದೊಡ್ಡ ಕತ್ತರಿ ಬಿದ್ದದ್ದು 1951ರ ಜೂನ್‌ನಲ್ಲಿ, ಮೊದಲನೇ ತಿದ್ದುಪಡಿಯಲ್ಲಿ. ಆಗ ಇದ್ದದ್ದು ಹಂಗಾಮಿ ಸಂಸತ್ತು. ಸಾಮಾನ್ಯ ಜನ ಇನ್ನೂ ಒಂದು ವೋಟೂ ಹಾಕಿರಲಿಲ್ಲ. ಬೇಲಿ ಕಟ್ಟಿದ್ದು 1973ರಲ್ಲಿ, ಕೇಶವಾನಂದ ಭಾರತಿ ಪ್ರಕರಣದಲ್ಲಿ. ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ, ಯಕ್ಷಗಾನ ಪ್ರಿಯರಿಗೆ ಪರಿಚಿತರು, ಕೇರಳದ ಭೂಸುಧಾರಣೆ ಕಾಯ್ದೆಯ ವಿರುದ್ಧ ಕೋರ್ಟಿಗೆ ಹೋದರು. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಮುಟ್ಟುವ ಹಾಗಿಲ್ಲ ಅಂತ ತೀರ್ಪು ಬಂತು. ಹದಿಮೂರು ನ್ಯಾಯಮೂರ್ತಿಗಳು, ಏಳಕ್ಕೆ ಆರು. ಬಹುಮತಕ್ಕೆ ಹಾಕಿದ ಬೇಲಿ ನಿಂತಿದ್ದೂ ಒಂದೇ ಒಂದು ವೋಟಿನ ಬಹುಮತದ ಮೇಲೆ.

ಮೂರು ವರ್ಷಕ್ಕೆ ಬೇಲಿ ಕಾಯುವವರೇ ಕೈ ಬಿಟ್ಟರು. ತುರ್ತು ಪರಿಸ್ಥಿತಿಯಲ್ಲಿ ಬಂಧಿತರಾದವರು ಹೇಬಿಯಸ್ ಕಾರ್ಪಸ್ ಕೇಳುವ ಹಾಗಿಲ್ಲ ಅಂತ 1976ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ನಾಲ್ಕಕ್ಕೆ ಒಂದು. ಆ ಒಬ್ಬರು ಎಚ್.ಆರ್. ಖನ್ನಾ. ಅವರಿಗೆ ಸಿಗಬೇಕಾದ ಮುಖ್ಯ ನ್ಯಾಯಮೂರ್ತಿ ಹುದ್ದೆ ಸಿಗಲಿಲ್ಲ, ರಾಜೀನಾಮೆ ಕೊಟ್ಟರು. 1977ರ ಮಾರ್ಚ್‌ನಲ್ಲಿ ಚುನಾವಣೆ ನಡೆದಾಗ ಉತ್ತರ ಪ್ರದೇಶದ 85 ಸೀಟುಗಳಲ್ಲಿ ಕಾಂಗ್ರೆಸ್ಸಿಗೆ ಒಂದೂ ಸಿಗಲಿಲ್ಲ. ಆ ವೋಟುಗಳಿಂದ ಬಂದ ಸಂಸತ್ತು 44ನೇ ತಿದ್ದುಪಡಿ ತಂದು, ಎಂಥ ತುರ್ತಿನಲ್ಲೂ ಜೀವದ ಹಕ್ಕನ್ನು ಅಮಾನತಿನಲ್ಲಿಡುವಂತಿಲ್ಲ ಅಂತ ಬರೆಯಿತು. ಅದೇ ತಿದ್ದುಪಡಿಯಲ್ಲಿ ಆಸ್ತಿಯನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆಯಿತು. ಲಿಬರ್ಟೇರಿಯನ್ನರು ಎರಡನೆಯದಕ್ಕೆ ಹಾಕುವ ಕಣ್ಣೀರಿನಲ್ಲಿ ಮೊದಲನೆಯದು ಕೊಚ್ಚಿಹೋಗುತ್ತದೆ.

ಇಷ್ಟು ಹೇಳಿ ನಿಲ್ಲಿಸಿದರೆ ನನ್ನ ವಾದ ಬಹಳ ಸಲೀಸು. ಆದರೆ ಕರ್ನಾಟಕ ಅಡ್ಡ ಬರುತ್ತದೆ. ಅದೇ 1977ರಲ್ಲಿ ನಮ್ಮವರು 28ರಲ್ಲಿ 26 ಸೀಟು ಕಾಂಗ್ರೆಸ್ಸಿಗೇ ಕೊಟ್ಟರು. ದೇವರಾಜ ಅರಸರ ಭೂಸುಧಾರಣೆ 1974ರಿಂದ ಜಾರಿಯಲ್ಲಿತ್ತು, ಉಳುವವನೇ ಹೊಲದೊಡೆಯ. ನೋಡಿ, ಪರರ ಜಮೀನು ಸಿಕ್ಕಿತು ಅಂತ ಸ್ವಾತಂತ್ರ್ಯ ಮಾರಿಕೊಂಡರು ಅಂತ ಹಾಯೆಕ್ ಶಿಷ್ಯರು ಹೇಳಬಹುದು. ಅವರಿಗೆ ಗುರುವಿನದೇ ಒಂದು ಉದಾಹರಣೆ ನೆನಪಿಸಬೇಕು. ಮರುಭೂಮಿಯಲ್ಲಿ ಇರೋದು ಒಂದೇ ಒರತೆ, ಅದು ಒಬ್ಬನದೇ ಸ್ವತ್ತು ಅಂದರೆ, ನೀರಿಗಾಗಿ ಅವನು ಹೇಳಿದ್ದಕ್ಕೆಲ್ಲ ತಲೆಯಾಡಿಸಬೇಕಾದವರು ಬಲವಂತಕ್ಕೆ ಒಳಗಾದವರೇ ಅಂತ ಹಾಯೆಕ್ ಒಪ್ಪುತ್ತಾರೆ. ಊರಿನ ಜಮೀನೆಲ್ಲ ಒಂದು ಮನೆಯದಾಗಿದ್ದು, ಗೇಣಿ ಬಿಡಿಸಿದರೆ ಒಲೆ ಉರಿಯದು ಅನ್ನುವ ಸ್ಥಿತಿಯಲ್ಲಿದ್ದ ಒಕ್ಕಲಿನವನ ಕಥೆ ಇದಕ್ಕಿಂತ ಎಷ್ಟು ಬೇರೆ? ಅವನು ಸ್ವಾತಂತ್ರ್ಯ ಮಾರಲಿಲ್ಲ, ಬದುಕಿನಲ್ಲಿ ಮೊದಲ ಸಲ ಅದನ್ನು ಕಂಡ.

ಹಾಗಂತ ಲೆಕ್ಕ ಚುಕ್ತಾ ಆಗುವುದಿಲ್ಲ. 'ಸಂಸ್ಕಾರ' ಸಿನಿಮಾದ ಚಂದ್ರಿ, ಸ್ನೇಹಲತಾ ರೆಡ್ಡಿ, ವಿಚಾರಣೆಯಿಲ್ಲದೆ ತಿಂಗಳುಗಟ್ಟಲೆ ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿದ್ದರು. ಆಸ್ತಮಾ ಉಲ್ಬಣಿಸಿದ ಮೇಲೆ ಪೆರೋಲ್ ಸಿಕ್ಕಿತು, ಸ್ವಲ್ಪೇ ದಿನಕ್ಕೆ, 1977ರ ಜನವರಿ 20ರಂದು ತೀರಿಕೊಂಡರು. ಎರಡು ತಿಂಗಳ ನಂತರ ನಾವು ಆ 26 ಸೀಟು ಕೊಟ್ಟೆವು. ಹೊಲ ಸಿಕ್ಕವನ ವೋಟು ನನಗೆ ಅರ್ಥವಾಗುತ್ತದೆ. ಯಾವ ಹೊಲವನ್ನೂ ಕಾಯದಿದ್ದ ಬೆಂಗಳೂರಿನ ಓದಿದವರಲ್ಲೂ ಎಷ್ಟೋ ಮಂದಿ, ರೈಲು ಟೈಮಿಗೆ ಸರಿಯಾಗಿ ಬರ್ತಿತ್ತು ಅಂತ ಇವತ್ತಿಗೂ ಹೇಳುತ್ತಾರೆ. ಅವರೆಲ್ಲ ಟ್ಯಾಕ್ಸ್ ಕಟ್ಟಿದವರೇ.