ಸ್ಲ್ಯಾಬಿನ ಕೆಳಗಿನ ಎರಡನೇ ಸೂರು

ಯಾದಗಿರಿ ಸೀಮೆಯಲ್ಲಿ ಹೊಸ ಮನೆಯ ಅಂದವನ್ನು ಈಗ ಜನ ತಲೆ ಎತ್ತಿ ಅಳೆಯುತ್ತಾರೆ. ಗೃಹಪ್ರವೇಶಕ್ಕೆ ಬಂದವರ ಕಣ್ಣು ಮೊದಲು ಹೋಗುವುದು ಫಾಲ್ಸ್ ಸೀಲಿಂಗಿನ ಕಡೆಗೆ. ಶಹಾಪುರ, ಸುರಪುರದ ಪೇಟೆಗಳಲ್ಲಿ ಬೇರೂರಿದ ಈ ರೂಢಿ ಮುದನಾಳದಂಥ ಊರುಗಳಿಗೂ ಬರುತ್ತಿದೆ. ಬೆಂಗಳೂರು, ಹೈದರಾಬಾದಿನ ಕಟ್ಟಡಗಳಲ್ಲಿ ದುಡಿದು ಕೈ ಪಳಗಿಸಿಕೊಂಡವರು ಊರಿಗೆ ಮರಳಿ, ಗುತ್ತಿಗೆದಾರರ ಹಂಗಿಲ್ಲದೆ, ತಮ್ಮ ಮನೆಗೆ ತಾವೇ ಸೀಲಿಂಗ್ ಕಟ್ಟಬಲ್ಲರು. ಆ ಕೈಚಳಕ ನಿಜಕ್ಕೂ ಮೆಚ್ಚುವಂಥದು. ಆದರೆ ಇಷ್ಟು ಶ್ರಮ, ಇಷ್ಟು ಹಣ ಬೇಡುವ ಕೆಲಸವನ್ನು ಬರೀ ಅಂದದಿಂದ ಅಳೆದರೆ ಸಾಲದು. ಈ ಬಿಸಿಲ ನಾಡಿನಲ್ಲಿ ಅದು ಮನೆಗೆ ಏನು ಮಾಡುತ್ತದೆ ಎಂದು ಕೇಳಬೇಕು. ಕೇಳಿದರೆ ಸಿಗುವ ಉತ್ತರ: ಕೆಲಸ ಒಳ್ಳೆಯದೇ, ನಾವು ಅದನ್ನು ಮಾಡುವ ಸರದಿ ತಪ್ಪಾಗಿದೆ.

ಹಳೆಯ ಮಾಳಗಿ ಮನೆಯಲ್ಲಿ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಗೇಣು ದಪ್ಪದ ಮಣ್ಣು ಇರುತ್ತಿತ್ತು. ಆ ಮಣ್ಣು ಹಗಲಿನ ಕಾವನ್ನು ತನ್ನಲ್ಲೇ ಹಿಡಿದಿಡುತ್ತಿತ್ತು. ಹಾಗೆಂದು ಅದನ್ನು ನೆನೆದು ಹಲುಬಬೇಕಿಲ್ಲ. ಪ್ರತಿ ವರ್ಷ ಮಳೆಗೆ ಮುಂಚೆ ಸವಳು ಮಣ್ಣು ಹೊತ್ತು ಹಾಕಬೇಕು, ಜಡಿಮಳೆ ಹಿಡಿದರೆ ಸೋರುವ, ಕುಸಿಯುವ ಭಯ ಬೇರೆ. ಸಿಮೆಂಟಿನ ಸ್ಲ್ಯಾಬು ಆ ಭಯ ಕಳೆಯಿತು, ಆದರೆ ಜೊತೆಗೆ ಸೆಕೆಯನ್ನು ತಂದಿತು. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವುದು ಇಲ್ಲಿ ವಿಶೇಷವೇನಲ್ಲ. ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನೇ ಆ ತಿಂಗಳುಗಳಲ್ಲಿ ಬೆಳಗಿನ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತಾರೆ. 5 ಇಂಚಿನ ಸ್ಲ್ಯಾಬು ನಡುಮಧ್ಯಾಹ್ನ ಕುಡಿದ ಶಾಖವನ್ನು ಮೂರ್ನಾಲ್ಕು ತಾಸು ತಡೆದು, ಮನೆಮಂದಿ ಒಳಗೆ ಸೇರುವ ಸಂಜೆಯ ಹೊತ್ತಿಗೆ ಕೆಳಗೆ ಬಿಡುತ್ತದೆ.

ಈ ಕಾವನ್ನು ಫಾಲ್ಸ್ ಸೀಲಿಂಗ್ ತಗ್ಗಿಸುತ್ತದೆಯೇ? ತಗ್ಗಿಸುತ್ತದೆ. 12.5 ಮಿ.ಮೀ. ಜಿಪ್ಸಂ ಹಲಗೆ ಕಾಂಕ್ರೀಟಿಗಿಂತ ಬಹಳ ನಿಧಾನವಾಗಿ ಶಾಖ ಸಾಗಿಸುತ್ತದೆ. ಹಲಗೆಗೂ ಸ್ಲ್ಯಾಬಿಗೂ ನಡುವೆ ನಿಂತ ಗಾಳಿ ಅದಕ್ಕಿಂತಲೂ ದೊಡ್ಡ ತಡೆ. ಎರಡೂ ಕೂಡಿ, ಬರೀ ಸ್ಲ್ಯಾಬಿಗೆ ಹೋಲಿಸಿದರೆ ಇಳಿದು ಬರುವ ಶಾಖ ಲೆಕ್ಕದಲ್ಲಿ ಹತ್ತಿರ ಹತ್ತಿರ ಅರ್ಧವಾಗುತ್ತದೆ. ಇದು ಸಣ್ಣ ಲಾಭವಲ್ಲ. ಸೀಲಿಂಗನ್ನು ಬರೀ ಶೋಕಿ ಎನ್ನುವವರು ಈ ಲೆಕ್ಕವನ್ನು ಗಮನಿಸಬೇಕು.

ಆದರೆ ಸ್ಲ್ಯಾಬು ಕಾದ ಮೇಲೆ ತಡೆಯುವುದಕ್ಕಿಂತ ಅದು ಕಾಯದಂತೆ ನೋಡಿಕೊಳ್ಳುವುದು ಮೇಲು. ಬಿಸಿಲಿಗೆ ಹೊರಟವರು ರುಮಾಲನ್ನು ತಲೆಗೆ ಸುತ್ತುತ್ತಾರೆ, ಅಂಗಿಯೊಳಗೆ ಇಟ್ಟುಕೊಳ್ಳುವುದಿಲ್ಲ. ಬೂದುಬಣ್ಣದ ಬೋಳು ಕಾಂಕ್ರೀಟು ಬಿಸಿಲಿನ ಹೆಚ್ಚಿನ ಪಾಲನ್ನು ಹೀರಿಕೊಳ್ಳುತ್ತದೆ. ಅದರ ಮೇಲೆ ಬಳಿದ ಹೊಸ ಸುಣ್ಣ ಹೆಚ್ಚಿನ ಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಕೆಳಗಷ್ಟೇ ತಡೆ ಹಾಕಿದರೆ ಇನ್ನೊಂದು ಹಾನಿಯೂ ಇದೆ. ಕೆಳಕ್ಕೆ ಇಳಿಯಲಾಗದ ಕಾವು ಸ್ಲ್ಯಾಬಿನಲ್ಲೇ ಉಳಿದು ಅದನ್ನು ಇನ್ನಷ್ಟು ಕಾಯಿಸುತ್ತದೆ. ಹಗಲು ಹಿಗ್ಗಿ ರಾತ್ರಿ ಕುಗ್ಗುವ ಎಳೆದಾಟ ಹೆಚ್ಚಿ, ಪ್ಯಾರಾಪೆಟ್ ಸೇರುವ ಕಡೆ ಬಿರುಕು ಬಿಡುವ ಸಾಧ್ಯತೆ ಬೆಳೆಯುತ್ತದೆ. ನಮ್ಮ ಗಡಿಗೆ ಹೊಂದಿಕೊಂಡಿರುವ ತೆಲಂಗಾಣ 2023ರಲ್ಲಿ ತಂಪು ಚಾವಣಿಗೆಂದೇ ಒಂದು ನೀತಿ ತಂದಿತು. ಅದರ ಗುರಿ ಕಟ್ಟಡದ ನೆತ್ತಿ. ಅಂಥದೇ ಬಿಸಿಲು ಕಾಯುವ ನಮ್ಮಲ್ಲಿ ಸುಣ್ಣದ ಡಬ್ಬಿಯ ಮಾತೇ ಬಾರದೆ ಸೀಲಿಂಗಿನ ನಕಾಶೆ ಮೊದಲು ಬರುವುದು ಬೇಸರದ ಸಂಗತಿ.

ಇನ್ನು ಕಟ್ಟುವ ಬಗೆ. ನೀರಿನ ಪೈಪಿನಿಂದ ನಾಲ್ಕೂ ಗೋಡೆಗೆ ಮಟ್ಟ ಹಿಡಿದು ಸುತ್ತ ಚಾನೆಲ್ ಹೊಡೆಯುವುದು, ಸ್ಲ್ಯಾಬಿನಿಂದ ಆಂಗಲ್ ಇಳಿಬಿಡುವುದು, ಸುಮಾರು 1.2 ಮೀಟರಿಗೊಂದು ನಡುಚಾನೆಲ್, ಅದಕ್ಕೆ ಅಡ್ಡಲಾಗಿ 45 ಸೆಂ.ಮೀ.ಗೊಂದು ಸೀಲಿಂಗ್ ಸೆಕ್ಷನ್, ಆಮೇಲೆ ಹಲಗೆ: ಇಬ್ಬರು ಸೇರಿದರೆ ಆಗುವ ಕೆಲಸ. ಕೆಡುವುದು ಹೆಚ್ಚಾಗಿ ಕಣ್ಣಿಗೆ ಕಾಣದ ಕಡೆಯಲ್ಲೇ. 10×12 ಅಡಿಯ ಕೋಣೆಗೆ ಬೇಕಾದ ಹಲಗೆಯೇ ಹತ್ತಿರ ಹತ್ತಿರ ಒಂದು ಕ್ವಿಂಟಲ್ ತೂಗುತ್ತದೆ. ಆ ಭಾರವೆಲ್ಲ ಸ್ಲ್ಯಾಬಿನಲ್ಲಿ ಕೊರೆದ ಕೆಲವು ತೂತುಗಳ ಮೇಲೆ ನಿಲ್ಲುತ್ತದೆ. ಅಲ್ಲಿ ಪ್ಲಾಸ್ಟಿಕ್ ಪ್ಲಗ್ ಹಾಕಿ ಸ್ಕ್ರೂ ತಿರುಗಿಸುವುದು ಸಲ್ಲದು. ನೇರ ಕೆಳಕ್ಕೆ ಎಳೆಯುವ ಭಾರಕ್ಕೆ ಅದು ಸಡಿಲವಾಗುತ್ತದೆ, ಬೆಂಕಿ ಬಿದ್ದರೆ ಮೆತ್ತಗಾಗುತ್ತದೆ. ಲೋಹದ ಆ್ಯಂಕರ್ ಫಾಸ್ನರ್ ಬೇಕು. ಸ್ಲ್ಯಾಬಿನ ಕಬ್ಬಿಣಕ್ಕೆ ಕೆಳಗಿನ ಹೊದಿಕೆ ಸಾಮಾನ್ಯವಾಗಿ 20 ಮಿ.ಮೀ. ಮಾತ್ರ. ಡ್ರಿಲ್ ಸರಳಿಗೆ ತಾಗಿದರೆ ಬಲವಂತವಾಗಿ ಕೊರೆಯದೆ ತೂತಿನ ಜಾಗ ಬದಲಿಸಬೇಕು. ಫ್ಯಾನು ಸ್ಲ್ಯಾಬಿನ ಕೊಕ್ಕೆಗೇ ತೂಗಬೇಕು, ಸೀಲಿಂಗಿನ ಚೌಕಟ್ಟಿಗೆ ಎಂದಿಗೂ ಅಲ್ಲ.

ಸ್ವತಃ ಕಟ್ಟುವವರಿಗೆ ಇಲ್ಲಿ ಒಂದು ಅನುಕೂಲವಿದೆ. ಸ್ಲ್ಯಾಬು ಹಾಕುವ ದಿನ ಅವರು ಅಲ್ಲೇ ಇರುತ್ತಾರೆ. ಕಾಂಕ್ರೀಟು ಸುರಿಯುವ ಮುನ್ನ ಕರೆಂಟಿನ ಪೈಪು, ಸರಳು ಎಲ್ಲೆಲ್ಲಿ ಹಾಯ್ದಿವೆ ಎಂದು ಫೋಟೊ ತೆಗೆದಿಟ್ಟರೆ, ಡ್ರಿಲ್ ಹಿಡಿಯುವಾಗ ಬಾಡಿಗೆ ಮೇಸ್ತ್ರಿಗೆ ಇಲ್ಲದ ತಿಳಿವು ಅವರಿಗಿರುತ್ತದೆ.

ಎತ್ತರದ ವಿಷಯದಲ್ಲೂ ಬಿಗಿ ಬೇಕು. ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆಗೆ ಕನಿಷ್ಠ 2.75 ಮೀಟರ್ ಎತ್ತರ ಹೇಳುತ್ತದೆ. 10 ಅಡಿಯ ಸ್ಲ್ಯಾಬಿನಿಂದ 8 ಇಂಚು ಇಳಿಸಿದರೂ 2.85 ಮೀಟರ್ ಉಳಿಯುತ್ತದೆ. ಒಂಬತ್ತೂವರೆ ಅಡಿಯ ಸ್ಲ್ಯಾಬಾದರೆ ಅದೇ 8 ಇಂಚಿಗೆ ಮಿತಿ ಮುರಿಯುತ್ತದೆ. ಚೌಕಟ್ಟಿಗೆ ನಾಲ್ಕು ಇಂಚಿನ ಆಸುಪಾಸು ಸಾಕು. ಮಿಕ್ಕಿದ್ದೆಲ್ಲ ಅಂಚಿನ ಬಣ್ಣದ ದೀಪಕ್ಕಾಗಿ ಕಳೆದುಕೊಂಡ ಗಾಳಿ.

ನನ್ನ ದೊಡ್ಡ ಆಕ್ಷೇಪ ಮರೆಮಾಚುವಿಕೆಯ ಬಗ್ಗೆ. ತೆರೆದ ಸ್ಲ್ಯಾಬಿನಲ್ಲಿ ತೇವದ ಕಲೆ, ಕೂದಲೆಳೆ ಬಿರುಕು, ತುಕ್ಕಿನ ಕೆಂಪು ಬೇಗ ಕಾಣುತ್ತವೆ. ಸೀಲಿಂಗ್ ಬಂದ ಮೇಲೆ ನೀರು ಹಲಗೆ ನೆನೆಸಿ ಜೋತುಬೀಳಿಸುವ ತನಕ ಸುದ್ದಿಯೇ ತಿಳಿಯುವುದಿಲ್ಲ. ಅಷ್ಟರಲ್ಲಿ ತುಕ್ಕು ಹಿಡಿದ ಸರಳು ಉಬ್ಬಿ ಕಾಂಕ್ರೀಟಿನ ಚಕ್ಕೆಗಳನ್ನು ಕಳಚಿರಬಹುದು. ಸೋರುವ ಸ್ಲ್ಯಾಬಿಗೆ ಸೀಲಿಂಗ್ ಹಾಕುವುದೆಂದರೆ ರೋಗ ಮುಚ್ಚುವುದೇ ಹೊರತು ವಾಸಿ ಮಾಡುವುದಲ್ಲ. ಹೊಸ ಸ್ಲ್ಯಾಬು ಒಂದು ಪೂರಾ ಮಳೆಗಾಲ ಕಾಣಲಿ, ಸೋರುವ ಜಾಗ ತಾನೇ ತೋರಿಕೊಳ್ಳಲಿ, ಅದನ್ನು ಸರಿಪಡಿಸಿದ ಮೇಲೆ ಸೀಲಿಂಗ್ ಬರಲಿ. ಒಳಗೆ ಇಣುಕಲು ಪ್ರತಿ ಕೋಣೆಗೂ ಒಂದು ಕಿಂಡಿ ಬಾಗಿಲು ಬಿಡಬೇಕು. ಅಂದ ಕೆಡುತ್ತದೆಂದು ಇದನ್ನು ಬಿಟ್ಟ ಮನೆಗಳಲ್ಲಿ ಇಲಿ ಸೇರಿದರೂ ವೈರು ಸುಟ್ಟರೂ ಹಲಗೆ ಒಡೆಯುವುದೊಂದೇ ದಾರಿ.

ಜಿಪ್ಸಮ್ಮಿನ ಒಂದು ಗುಣವನ್ನು ಮಾತ್ರ ಮನಸಾರೆ ಹೊಗಳಬೇಕು. ಅದರ ತೂಕದ ಐದನೇ ಒಂದು ಪಾಲು ಹರಳಿನಲ್ಲಿ ಕಟ್ಟಿಹೋದ ನೀರು. ಬೆಂಕಿ ತಾಗಿದಾಗ ಆ ನೀರು ಆವಿಯಾಗುವ ತನಕ ಹಲಗೆ ಕಾವನ್ನು ತಡೆದು ನಿಲ್ಲುತ್ತದೆ. ಮೇಲಿನ ವೈರುಗಳನ್ನು ಪೈಪಿನಲ್ಲಿ ಹಾಯಿಸದೆ ಟೇಪು ಸುತ್ತಿ ಬಿಟ್ಟರೆ ಈ ಗುಣ ಇದ್ದೂ ವ್ಯರ್ಥ.

ಆದ್ದರಿಂದ ಮನೆ ಕಟ್ಟುವವರಿಗೆ ಹೇಳುವುದಿಷ್ಟು. ಕೈಯಲ್ಲಿರುವ ಹಣ ಮೊದಲು ಸ್ಲ್ಯಾಬಿನ ಮೇಲಕ್ಕೆ ಹೋಗಲಿ: ನೀರು ಹರಿದುಹೋಗುವ ಇಳಿಜಾರು, ಸೋರದ ಪದರ, ವರ್ಷಕ್ಕೊಮ್ಮೆ ಸುಣ್ಣ. ಆಮೇಲೂ ಹಣ ಉಳಿದು, ಸ್ಲ್ಯಾಬು ಒಂದು ಮಳೆಗಾಲ ಗೆದ್ದು, ಎತ್ತರ ಸಾಕಷ್ಟಿದ್ದರೆ ಸಾದಾ ಸಪಾಟು ಸೀಲಿಂಗ್ ಹಾಕಿ. ಮೇ ತಿಂಗಳ ಸಂಜೆ ಅದು ನಿಜಕ್ಕೂ ನೆಮ್ಮದಿ ಕೊಡುತ್ತದೆ. ಹಣ ಒಂದಕ್ಕೇ ಸಾಲುವಂತಿದ್ದರೆ ಸೀಲಿಂಗ್ ಬಿಡಿ, ಸುಣ್ಣ ಹಚ್ಚಿ.